ಬಿಸಿಯೂಟದ ಸಾಂಬಾರು ನೀರು, ತರಕಾರಿ ತಟ್ಟೆಯಂಚಿಗೆ: 120 ಮಕ್ಕಳ ಅಡುಗೆಯಲ್ಲಿ ಏನು ಬದಲಿಸಬಹುದು? (ಮನೆ ಡಬ್ಬಿ ಕಟ್ಟುವವರೂ ಬನ್ನಿ)

ಕಲ್ಪತರು_ಎಸ್‌ಡಿಎಂಸಿ (ತುಮಕೂರು ಕಡೆ)

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಅದರ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕಡೆಯಿಂದ ಬರೆಯುತ್ತಿದ್ದೇನೆ. 1ರಿಂದ 5ನೇ ತರಗತಿವರೆಗೆ 80 ಮಕ್ಕಳು, 6 ಮತ್ತು 7ರಲ್ಲಿ 40. ಅಡುಗೆಯವರು ಮೂವರು, ದೊಡ್ಡ ಗ್ಯಾಸ್ ಒಲೆ ಎರಡು. ಉಗ್ರಾಣದ ವಹಿಯಲ್ಲಿ ಬೇಳೆ, ತರಕಾರಿ ಎಲ್ಲ ಸರಿಯಾಗೇ ಖರ್ಚಾಗಿದೆ. ಆದರೂ ಸಾಂಬಾರು ತೆಳು. ಸೊಪ್ಪು ಕಪ್ಪಗಾಗುತ್ತೆ, ಬೀನ್ಸು-ಕುಂಬಳಕಾಯಿ ಹೋಳು ತಟ್ಟೆಯಂಚಿನಲ್ಲಿ ಸಾಲಾಗಿ ಕೂರುತ್ತೆ. ಹೆಚ್ಚುವರಿ ದುಡ್ಡಿಲ್ಲ. ಇರುವ ಸಾಮಾನಲ್ಲೇ ಮಕ್ಕಳ ಹೊಟ್ಟೆಗೆ ಹೆಚ್ಚು ಹೋಗುವಂತೆ ಮಾಡಲು ಅಳತೆ, ಕ್ರಮ ಬಲ್ಲವರು ದಯವಿಟ್ಟು ಬರೆಯಿರಿ.

ಆಹಾರತಜ್ಞೆ_ಮೈಸೂರು

ಸರ್, ಮೊದಲು ಲೆಕ್ಕ. ಪಿಎಂ ಪೋಷಣ್ (ಕೇಂದ್ರದ ಬಿಸಿಯೂಟ ಯೋಜನೆ) ನಿಯಮದ ಪ್ರಕಾರ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. 6ರಿಂದ 8ನೇ ತರಗತಿಯವರಿಗೆ 150, 30, 75, 7.5 ಗ್ರಾಂ. ನಿಮ್ಮ ಶಾಲೆಗೆ ಹೊಂದಿಸಿದರೆ:

ಅಕ್ಕಿ 14 ಕಿಲೋ
ತೊಗರಿ ಬೇಳೆ 2.8 ಕಿಲೋ
ತರಕಾರಿ ಮತ್ತು ಸೊಪ್ಪು ಸೇರಿ 7 ಕಿಲೋ
ಎಣ್ಣೆ 700 ಗ್ರಾಂ, ಅಂದರೆ ಮುಕ್ಕಾಲು ಲೀಟರಿಗೆ ಸ್ವಲ್ಪ ಮೇಲೆ

ಚಿಕ್ಕ ಮಗುವಿಗೆ ಒಂದು ಊಟದಲ್ಲಿ 12 ಗ್ರಾಂ ಪ್ರೋಟೀನ್ ಸಿಗಬೇಕು ಎಂಬ ಗುರಿ ಇದೆ. 100 ಗ್ರಾಂ ಅಕ್ಕಿಯಿಂದ ಏಳೆಂಟು ಗ್ರಾಂ ಬರುತ್ತೆ, ಉಳಿದ ನಾಲ್ಕು ಚಿಲ್ಲರೆ ಗ್ರಾಂ ಆ 20 ಗ್ರಾಂ ಬೇಳೆಯಿಂದಲೇ ಬರಬೇಕು. ಹಾಗಾಗಿ ಸಾಂಬಾರಿಗೆ ನೀರು ಸುರಿದರೆ ರುಚಿಗಿಂತ ದೊಡ್ಡ ನಷ್ಟವಿದೆ. ತೆಳು ಸಾಂಬಾರು ಅನ್ನದಿಂದ ಜಾರಿ ತಟ್ಟೆಯಲ್ಲಿ ನಿಲ್ಲುತ್ತೆ, ಮಗು ತಟ್ಟೆ ಎತ್ತಿ ಚೆಲ್ಲುತ್ತೆ, ಬೇಳೆಯೂ ಅದರ ಜೊತೆಗೇ ಹೋಗುತ್ತೆ.

2.8 ಕಿಲೋ ಬೇಳೆಗೆ ತರಕಾರಿ ಸೇರಿ ಒಟ್ಟು ಸಾಂಬಾರು 24 ಲೀಟರ್ ದಾಟಬಾರದು. ಮಗುವಿಗೆ 200 ಮಿಲಿ, ಎರಡು ಸೌಟು. 10 ಲೀಟರ್ ಬಕೆಟ್ಟಿನಲ್ಲಿ ಅಳೆದು ನೀವು ಬಳಸುವ ಪಾತ್ರೆಗೆ ಒಮ್ಮೆ 24 ಲೀಟರ್ ನೀರು ತುಂಬಿ, ಒಂದು ಸ್ಟೀಲ್ ಸರಳು ಇಳಿಸಿ, ನೀರು ಮುಟ್ಟಿದ ಜಾಗಕ್ಕೆ ಗೀರು ಹಾಕಿಡಿ. ದಿನಾ ಕುದಿ ಮುಗಿದ ಮೇಲೆ ಆ ಸರಳು ಇಳಿಸಿ ನೋಡಿದರೆ ಸಾಕು. ಹಾಜರಾತಿ 100ಕ್ಕೆ ಇಳಿದ ದಿನಕ್ಕೆ 20 ಲೀಟರಿನ ಇನ್ನೊಂದು ಗೀರು ಬೇಕು.

ಒಲಿ_ಮುಂದ (ಗದಗ)

ಮೇಡಮ್ಮಾರು ಲೆಕ್ಕ ಸರಿ ಹೇಳ್ಯಾರ. ಆದ್ರ ಅಡಿಗಿ ಮಾಡೋರು ನೀರು ಯಾಕ ಹಾಕ್ತಾರ ಅನ್ನೋದೂ ನೋಡ್ರಿ. ಬ್ಯಾಳಿ ಕರಗಿರೂದಿಲ್ಲ. ತಳದಾಗ ಕಾಳು ಕಾಳು ನಿಂತು ಹತ್ತಾಕ ಶುರು ಆಗತೈತಿ, ಆಗ ನೀರು ಬಿಡ್ತಾರ. ಬ್ಯಾಳಿ ಕರಗಿದ್ರ ಅದ ಗಟ್ಟಿ ಬರತೈತಿ.

ಬ್ಯಾಳಿ ಕರಗಾಕ ಮೂರು ಕೆಲಸ. ಒಂದು, ತೊಳದ ಮ್ಯಾಲೆ ಒಂದ್ ತಾಸು ನೆನಿ ಇಡ್ರಿ. ಶಾಲಿ ಬಾಗಲಾ ತಗದ ಕೂಡಲೇ ಮದ್ಲ ಮಾಡೋ ಕೆಲಸ ಇದು. ಎರಡು, ಹುಣಸಿ ರಸ, ಟೊಮ್ಯಾಟೊ, ಉಪ್ಪು ಬ್ಯಾಳಿ ಪೂರ್ತಿ ಬೆಂದ ಮ್ಯಾಲೆನ ಹಾಕ್ರಿ. ಹುಳಿ ಬಿತ್ತಂದ್ರ ಬ್ಯಾಳಿ ಅಲ್ಲಿಗೇ ನಿಂತ ಬಿಡತೈತಿ, ಎಷ್ಟ ಕುದಿಸಿದ್ರೂ ಕರಗೂದಿಲ್ಲ. ಮೂರು, ಬೋರ್‌ವೆಲ್ ಗಡಸು ನೀರಾಗ ಬ್ಯಾಳಿ ಬೇಯೂದಿಲ್ಲ. ಮಳಿ ನೀರಿನ ಟಾಕಿ, ಇಲ್ಲಾ ಆರ್‌ಒ ಫಿಲ್ಟರ್ ನೀರು ಇದ್ರ ಬ್ಯಾಳಿಗೆ ಅಷ್ಟ ಆದ್ರೂ ಅದನ್ನ ಬಳಸ್ರಿ.

ಕುಕ್ಕರಿಗೆ ಒಂದು ಅಳತಿ ಬ್ಯಾಳಿಗೆ ಮೂರು ಅಳತಿ ನೀರು, ಅರಿಷಿಣ, ಒಂದ್ ಸೌಟು ಎಣ್ಣಿ. ಬ್ಯಾಳಿ ನೊರಿ ಏಳತೈತಿ, ಕುಕ್ಕರ್ ಅರ್ಧಕ್ಕಿಂತ ಮ್ಯಾಲೆ ತುಂಬಬ್ಯಾಡ್ರಿ. ನೊರಿ ಹೋಗಿ ಸೀಟಿ ರಂಧ್ರ ಕಟ್ಟಿದ್ರ ಅಪಾಯ. 2.8 ಕಿಲೋ ಬ್ಯಾಳಿ ಎರಡು ಸಲ ಬೇಯಿಸೂದ ಛಲೋ.

ಸೋಡಾ ಮಾತ್ರ ಹಾಕಬ್ಯಾಡ್ರಿ.

ಆಹಾರತಜ್ಞೆ_ಮೈಸೂರು

ಆ ಕೊನೆಯ ಸಾಲಿಗೆ ಕಾರಣ ಸೇರಿಸುತ್ತೇನೆ. ಸೋಡಾ ಹಾಕಿದರೆ ಬೇಳೆ ಬೇಗ ಬೇಯುತ್ತೆ ನಿಜ. ಆದರೆ ಬೇಳೆಯಲ್ಲಿರುವ ಬಿ1 ಜೀವಸತ್ವ ಕ್ಷಾರದಲ್ಲಿ ಹಾಳಾಗುತ್ತೆ. ದಿನವೂ ಅನ್ನ ಉಣ್ಣುವ ಮಕ್ಕಳಿಗೆ ಬೇಳೆಯೇ ಅದರ ಮುಖ್ಯ ಮೂಲ. ಸೊಪ್ಪು ಹಸಿರಾಗಿರಲಿ ಎಂದು ಸೋಡಾ ಹಾಕುವ ಅಭ್ಯಾಸವೂ ಕೆಲವೆಡೆ ಇದೆ, ಅಲ್ಲಿ ಸಿ ಜೀವಸತ್ವಕ್ಕೂ ಏಟು.

ಇನ್ನು ಉಪ್ಪು. 24 ಲೀಟರಿಗೆ 180 ಗ್ರಾಂ ಅಯೋಡಿನ್ ಉಪ್ಪು, ತಲೆಗೆ ಒಂದೂವರೆ ಗ್ರಾಂ. ಅನ್ನಕ್ಕೆ ಬೇಡ. ದೊಡ್ಡವರಿಗೇ ಇಡೀ ದಿನಕ್ಕೆ 5 ಗ್ರಾಂ ಮಿತಿ ಇರುವಾಗ ಮಕ್ಕಳ ಒಂದು ಊಟಕ್ಕೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ಕೈಯಳತೆ ಬಿಟ್ಟು 180 ಗ್ರಾಂ ಹಿಡಿಯುವ ಒಂದು ಲೋಟ ಗೊತ್ತು ಮಾಡಿಕೊಳ್ಳಿ. ಸಾಂಬಾರು ಪುಡಿ 150 ಗ್ರಾಂ ಸಾಕು. ಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಬಳಸಿದರೆ ಬಣ್ಣ ಬರುತ್ತೆ, ಖಾರ ಏರುವುದಿಲ್ಲ. 1ನೇ ತರಗತಿಯವರು ಅನ್ನ ಬಿಡುವುದಕ್ಕೆ ಎಷ್ಟೋ ಕಡೆ ಖಾರವೇ ಕಾರಣ.

ಕಲ್ಪತರು_ಎಸ್‌ಡಿಎಂಸಿ

ತುಂಬಾ ಉಪಯೋಗ ಆಯ್ತು. ತರಕಾರಿ ಹೇಳಿ. ಈಗ ಎಲ್ಲವನ್ನೂ ಬೇಳೆ ಜೊತೆ ಕುಕ್ಕರಿಗೇ ಹಾಕ್ತಾರೆ.

ಬಸಳೆ_ಚಪ್ಪರ (ಉಡುಪಿ)

ಅದೇ ಸಮಸ್ಯೆ. ಬೇಳೆ ಕರಗುವ ಹೊತ್ತಿಗೆ ಬೀನ್ಸ್ ಬಣ್ಣಗೆಟ್ಟಿರ್ತದೆ, ಕುಂಬಳಕಾಯಿ ಕಾಣೆಯಾಗಿರ್ತದೆ, ಸಿಪ್ಪೆ ಮಾತ್ರ ಉಳಿದಿರ್ತದೆ. ಮಕ್ಕಳು ಎತ್ತಿಡುವುದು ಆ ಸಿಪ್ಪೆಯನ್ನೇ.

ಬೇರೆ ಪಾತ್ರೆಯಲ್ಲಿ ತರಕಾರಿ ಮುಳುಗುವುದಕ್ಕಿಂತ ಸ್ವಲ್ಪ ಕಡಿಮೆ ನೀರು ಕುದಿಸಿ. ಮೊದಲು ಕ್ಯಾರೆಟ್, ಬೀನ್ಸ್, ನವಿಲುಕೋಸು ಹಾಕಿ ಮುಚ್ಚಿ 8 ನಿಮಿಷ. ಆಮೇಲೆ ಕುಂಬಳಕಾಯಿ, ಸೋರೆಕಾಯಿ, ಇನ್ನು 6 ನಿಮಿಷ. ಆ ನೀರನ್ನು ಚೆಲ್ಲಬಾರದು, ಬೆಂದ ಬೇಳೆಗೆ ನೀರು ಸಮೇತ ಸುರಿಯಬೇಕು. ಗಟ್ಟಿ ತರಕಾರಿ ಒಂದು ಸೆಂಟಿಮೀಟರ್, ಅಂದರೆ ಕಡಲೆ ಕಾಳಿಗಿಂತ ತುಸು ದೊಡ್ಡದು. ಕುಂಬಳಕಾಯಿ ಮಾತ್ರ ಅದರ ಎರಡರಷ್ಟು, ಇಲ್ಲದಿದ್ದರೆ ಕರಗ್ತದೆ. ಹೋಳು ಅನ್ನದ ತುತ್ತಿನೊಳಗೆ ಅಡಗುವಷ್ಟಿದ್ದರೆ ಮಗು ಎತ್ತಿಡುವುದು ಕಡಿಮೆ.

ಇನ್ನೊಂದು: 7 ಕಿಲೋದೊಳಗೆ ಈರುಳ್ಳಿ, ಟೊಮೆಟೊ ಎಷ್ಟುಂಟು ನೋಡಿ. ಎರಡು ಕಿಲೋ ಮೀರಿದರೆ ತರಕಾರಿ ಕೊಟ್ಟ ಹಾಗಲ್ಲ. ವಹಿಯಲ್ಲಿ ಅವೆರಡಕ್ಕೆ ಬೇರೆ ಕಲಂ ಮಾಡಿ.

ಸೊಪ್ಪು: ವಾರಕ್ಕೆ ಮೂರು ದಿನ, ತಲೆಗೆ 20 ಗ್ರಾಂ, ನಿಮಗೆ 2.4 ಕಿಲೋ ಬಿಡಿಸಿದ ಸೊಪ್ಪು. ಹೆಚ್ಚುವ ಮೊದಲೇ ತೊಳೆಯಬೇಕು, ಹೆಚ್ಚಿ ತೊಳೆದರೆ ಸತ್ವ ನೀರಿಗೆ ಹೋಗ್ತದೆ. ದೊಡ್ಡ ಟಬ್ಬಿನಲ್ಲಿ ಮುಳುಗಿಸಿ ಮೇಲಿನಿಂದ ಎತ್ತಿಕೊಳ್ಳಿ, ಮಣ್ಣು ತಳದಲ್ಲಿ ಕೂರ್ತದೆ. ಟಬ್ಬನ್ನೇ ಬಗ್ಗಿಸಿ ಬಸಿದರೆ ಮಣ್ಣು ಪುನಃ ಸೊಪ್ಪಿನ ಮೇಲೇ. ಮೂರು ನೀರು ಬೇಕು. ಒಲೆ ಆರಿಸುವ 4-5 ನಿಮಿಷ ಮೊದಲು ಹಾಕಿ. ಕಪ್ಪಗಾಗುವುದು ಹುಣಸೆ ಹುಳಿಯಲ್ಲಿ ಹೆಚ್ಚು ಹೊತ್ತು ಕುದಿಯುವುದರಿಂದ. ಸೊಪ್ಪಿನ ದಿನ ಹುಣಸೆ 250 ಗ್ರಾಂ ಹಾಕುವಲ್ಲಿ 100 ಗ್ರಾಂ ಹಾಕಿ, ಒಲೆ ಆರಿಸಿದ ಮೇಲೆ 15-20 ನಿಂಬೆಹಣ್ಣು ಹಿಂಡಿ.

ಆಹಾರತಜ್ಞೆ_ಮೈಸೂರು

ನಿಂಬೆಯ ಮಾತು ಚಿನ್ನದಂಥದ್ದು. ಸೊಪ್ಪು, ಬೇಳೆಯಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಹತ್ತುವುದು ಕಡಿಮೆ, ಅದೇ ಊಟದಲ್ಲಿ ಸಿ ಜೀವಸತ್ವ ಇದ್ದರೆ ಹೆಚ್ಚು ಹತ್ತುತ್ತೆ. ಕುದಿಯುವಾಗ ಹಿಂಡಿದರೆ ಅದು ಅಷ್ಟಾಗಿ ಉಳಿಯುವುದಿಲ್ಲ, ಒಲೆ ಆರಿಸಿದ ಮೇಲೆಯೇ ಹಿಂಡಬೇಕು. ಸೊಪ್ಪಿನ ಎ ಸತ್ವಕ್ಕೆ ಎಣ್ಣೆ ಬೇಕು, ಆದ್ದರಿಂದ ಒಗ್ಗರಣೆಯ ಎಣ್ಣೆ ಉಳಿಸಲು ಹೋಗಬೇಡಿ. ಆ 700 ಗ್ರಾಂ ಪೂರ್ತಿ ಬಳಸಿ.

ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನೂ ಊಟದ ನಂತರ ನೀರಿನಲ್ಲೇ ನುಂಗಿಸಿ. ಹಾಲು, ಚಹಾ ಜೊತೆ ಬೇಡ.

ಒಲಿ_ಮುಂದ

ಸೊಪ್ಪು ರುಬ್ಬಿ ಹಾಕಿದ್ರ? ಕೊಬ್ಬರಿ, ಜೀರಗಿ ಕೂಡ ಒಂದೂವರಿ ಕಿಲೋ ರುಬ್ಬಿ ಸಾರಿನಾಗ ಬಿಟ್ರ ಮಕ್ಕಳಿಗೆ ಎತ್ತಿಡಾಕ ಏನೂ ಸಿಗೂದಿಲ್ಲ.

ಬಸಳೆ_ಚಪ್ಪರ

ನುಗ್ಗೆ ಸೊಪ್ಪಿಗೆ ಒಪ್ಪುತ್ತೇನೆ ಅಣ್ಣಾ, ಅದರ ದಂಟು ಮಕ್ಕಳ ಬಾಯಿಗೆ ನಾರು. ಬಲಿತ ಎಲೆ ಕಹಿ, ತುದಿಯ ಎಳೆ ಎಲೆ ಮಾತ್ರ ಬಿಡಿಸಬೇಕು. ತಲೆಗೆ 10 ಗ್ರಾಂ, ಒಟ್ಟು 1.2 ಕಿಲೋ ಮೀರಿದರೆ ಕಹಿ ತಿಳಿಯುತ್ತದೆ. ಆದರೆ ಹರಿವೆ, ಪಾಲಕ್, ಬಸಳೆ ಎಲ್ಲವನ್ನೂ ರುಬ್ಬಿ ಅಡಗಿಸುವುದು ನನಗೆ ಸರಿ ಕಾಣುವುದಿಲ್ಲ. ಮಗು ಸೊಪ್ಪನ್ನು ಸೊಪ್ಪೆಂದು ಗುರುತಿಸಿ ತಿನ್ನಲು ಕಲಿಯುವ ವಯಸ್ಸಿದು. ವಾರದಲ್ಲಿ ಒಂದು ದಿನ ರುಬ್ಬಿ, ಎರಡು ದಿನ ಕಾಣುವಂತೆ ಕೊಡಿ.

ಕೈತೋಟಕ್ಕೆ ಜಾಗ ಇದ್ದರೆ ಮಳೆಗಾಲದ ಶುರುವಿಗೆ ಒಂದು ಮೀಟರ್ ಉದ್ದದ ನುಗ್ಗೆ ಗೂಟ ಎರಡು ನೆಡಿ. ಎತ್ತರಕ್ಕೆ ಬಿಡದೆ ಆಗಾಗ ಕಡಿಯುತ್ತಿದ್ದರೆ ಎಳೆ ಎಲೆ ಕೈಗೆಟಕುತ್ತದೆ. ಹರಿವೆ ಬಿತ್ತಿದ 25-30 ದಿನಕ್ಕೆ ಕೊಯ್ಲು. ಕೈ ತೊಳೆಯುವ ನೀರನ್ನು ಅಲ್ಲಿಗೇ ಹರಿಸಿ.

ಅಕ್ಷರ_ದಾಸೋಹಿ (ಹಾಸನ, ಶಿಕ್ಷಕಿ)

ಅಕ್ಕಿಯ ವಿಚಾರ ಯಾರೂ ಹೇಳಲಿಲ್ಲ. ನಿಮಗೆ ಬರುವುದು ಸಾರವರ್ಧಿತ ಅಕ್ಕಿಯಾದರೆ ಇದನ್ನು ಗಮನಿಸಿ. 100 ಭಾಗ ಅಕ್ಕಿಗೆ ಒಂದು ಭಾಗ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಕಾಳು ಬೆರೆಸಿರುತ್ತಾರೆ. ಆ ಕಾಳು ಬಣ್ಣದಲ್ಲಿ ಸ್ವಲ್ಪ ಬೇರೆ, ತೊಳೆಯುವಾಗ ಕೆಲವು ತೇಲುತ್ತವೆ. "ಪ್ಲಾಸ್ಟಿಕ್ ಅಕ್ಕಿ" ಎಂದು ಆರಿಸಿ ಎಸೆದರೆ ಬೆರೆಸಿದ್ದೇ ದಂಡ. ಅಡುಗೆಯವರಿಗೆ ಒಂದು ಹಿಡಿ ಬೇಯಿಸಿ ತೋರಿಸಿ, ಮಾಮೂಲು ಅನ್ನದಂತೆಯೇ ಬೇಯುತ್ತದೆ. ಎರಡು ಸಲ ಮಾತ್ರ ಹಗುರವಾಗಿ ತೊಳೆಯಿರಿ. ಗಂಜಿ ಬಸಿಯಬೇಡಿ. ಒಂದು ಅಳತೆ ಅಕ್ಕಿಗೆ ಎರಡೂವರೆ ಅಳತೆ ನೀರಿನಿಂದ ಶುರು ಮಾಡಿ, ಹಳೆ ಅಕ್ಕಿಯಾದರೆ ಇನ್ನರ್ಧ ಅಳತೆ ಹೆಚ್ಚಿಸಿ.

ಹಾಲು: ಕ್ಷೀರಭಾಗ್ಯದ ಹಾಲಿಗೆ ತಲೆಗೆ 18 ಗ್ರಾಂ ಪುಡಿ, 150 ಮಿಲಿ. 120 ಮಕ್ಕಳಿಗೆ 2.16 ಕಿಲೋ ಪುಡಿ, 18 ಲೀಟರ್ ಹಾಲು. ಕುದಿಯುವ ನೀರಿಗೆ ಪುಡಿ ಸುರಿದರೆ ಗಂಟು ಕಟ್ಟುತ್ತದೆ, ಆ ಗಂಟು ತಳಕ್ಕೆ ಹೋಗಿ ಹಾಲು ಸೀದ ವಾಸನೆ ಬರುತ್ತದೆ, ಮಕ್ಕಳು ಕುಡಿಯದಿರುವುದು ಅದಕ್ಕೇ. ಐದು ಲೀಟರ್ ಉಗುರು ಬೆಚ್ಚಗಿನ ನೀರಿನಲ್ಲಿ ಪುಡಿ ಕಲಸಿ, ಸೋಸಿ, ಆಮೇಲೆ ಬಿಸಿ ನೀರಿಗೆ ಸೇರಿಸಿ. ಸಕ್ಕರೆ ತಲೆಗೆ 10 ಗ್ರಾಂ ಹಾಕುತ್ತಿದ್ದರೆ ವಾರಕ್ಕೆ ಒಂದು ಗ್ರಾಂನಂತೆ ಇಳಿಸಿ 6ಕ್ಕೆ ತನ್ನಿ. ಒಮ್ಮೆಲೇ ಇಳಿಸಿದರೆ ಲೋಟಗಳು ವಾಪಸ್ ಬರುತ್ತವೆ.

ಕಲ್ಪತರು_ಎಸ್‌ಡಿಎಂಸಿ

ಮೊಟ್ಟೆ ಬಗ್ಗೆಯೂ ಹೇಳಿ ಮೇಡಂ. ಕೆಲವು ಒಡೆದಿರುತ್ತೆ, ಕೆಲವಕ್ಕೆ ಹಳದಿ ಭಾಗದ ಸುತ್ತ ಹಸಿರು ಬಣ್ಣ. ಪೋಷಕರು ಕೆಟ್ಟ ಮೊಟ್ಟೆ ಅಂತಾರೆ.

ಅಕ್ಷರ_ದಾಸೋಹಿ

ಹಸಿರು ಬಣ್ಣ ಕೆಟ್ಟದ್ದಲ್ಲ, ಹೆಚ್ಚು ಬೆಂದದ್ದು. ಬಿಳಿ ಭಾಗದ ಗಂಧಕ, ಹಳದಿಯ ಕಬ್ಬಿಣ ಸೇರಿ ಆ ಬಣ್ಣ ಬರುತ್ತದೆ. ತಣ್ಣೀರಿನಲ್ಲಿ ಇಟ್ಟು ಒಲೆ ಹಚ್ಚಿ, ಕುದಿ ಬಂದ ಮೇಲೆ 10ರಿಂದ 12 ನಿಮಿಷ, ತಕ್ಷಣ ತಣ್ಣೀರಿಗೆ. ಕುದಿಯುವ ನೀರಿಗೆ ಮೊಟ್ಟೆ ಬಿಟ್ಟರೆ ಒಡೆಯುತ್ತವೆ. ಟ್ರೇ ಬಂದ ದಿನವೇ ತೊಳೆದಿಡಬೇಡಿ, ಚಿಪ್ಪಿನ ಮೇಲಿನ ರಕ್ಷಣೆಯ ಪದರ ಹೋಗಿ ಬೇಗ ಕೆಡುತ್ತವೆ, ಬೇಯಿಸುವ ಮುಂಚೆ ತೊಳೆಯಿರಿ. ಸಿಪ್ಪೆ ಬಿಡಿಸುವುದು ಬಡಿಸುವಾಗ ಮಾತ್ರ.

ಆಹಾರತಜ್ಞೆ_ಮೈಸೂರು

ಮೊಟ್ಟೆ ವಿತರಣೆ 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ಏರಿದ್ದು ದೊಡ್ಡ ಲಾಭ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಕೊಡುತ್ತೇವೆ, ಅದರಲ್ಲಿರುವುದು ಒಂದು ಗ್ರಾಂ ಚಿಲ್ಲರೆ. ಇದು ಸಮ ಅಲ್ಲ ಎನ್ನುವುದು ಪೋಷಕರಿಗೆ ಗೊತ್ತಿರಲಿ. ಆ ಮಕ್ಕಳು ಮನೆಯಲ್ಲಿ ಒಂದು ಹಿಡಿ, ಸುಮಾರು 25 ಗ್ರಾಂ, ಹುರಿದ ಕಡಲೆಕಾಯಿ ಬೀಜ ತಿಂದರೆ ಸರಿಹೋಗುತ್ತೆ. ಮುರುಟಿದ, ಬೂಸ್ಟು ಹಿಡಿದ, ಕಹಿಯಾದ ಬೀಜ ಒಂದನ್ನೂ ಬಳಸಬಾರದು, ಅದರ ವಿಷ ಹುರಿದರೂ ಹೋಗುವುದಿಲ್ಲ.

ಏಳೂವರೆ_ಬಸ್ (ಬೆಂಗಳೂರು)

ಡಬ್ಬಿಯವರ ಪಾಳಿ. ಬೆಳಿಗ್ಗೆ 7ಕ್ಕೆ ಕಟ್ಟಿದ್ದು ಮಗು ತಿನ್ನುವುದು 12.30ಕ್ಕೆ. ಐದೂವರೆ ಗಂಟೆ. ಮೊಸರನ್ನ ಹುಳಿ, ಚಪಾತಿ ಚರ್ಮ, ಪಲ್ಯದ ನೀರು ಡಬ್ಬಿ ತುಂಬಾ. ಪರಿಹಾರ ಬೇಕು. ರುಚಿಯ ಪಟ್ಟಿ ಬೇಡ, ಐದೂವರೆ ಗಂಟೆ ತಡೆಯುವುದು ಯಾವುದು ಹೇಳಿ.

ಆಹಾರತಜ್ಞೆ_ಮೈಸೂರು

ಮೊಸರನ್ನಕ್ಕೆ ಮೊಸರು ಹಾಕಬೇಡಿ, ಹಾಲು ಹಾಕಿ. ಒಂದು ಬಟ್ಟಲು ಮೆತ್ತಗೆ ಕಿವುಚಿದ ಅನ್ನ ಆರಿದ ಮೇಲೆ ಅರ್ಧ ಬಟ್ಟಲು ಕಾಯಿಸಿ ಆರಿಸಿದ ಹಾಲು, ಒಂದು ಟೀ ಚಮಚ ಮೊಸರು. ಮಧ್ಯಾಹ್ನಕ್ಕೆ ಡಬ್ಬಿಯಲ್ಲೇ ಹೆಪ್ಪಾಗುತ್ತೆ. ಅನ್ನ ಬಿಸಿಯಿದ್ದರೆ ಒಡೆಯುತ್ತೆ. ಹಸಿ ಸೌತೆಕಾಯಿ, ಈರುಳ್ಳಿ ನೀರು ಬಿಟ್ಟು ಬೇಗ ಹುಳಿ ಮಾಡುತ್ತವೆ, ದಾಳಿಂಬೆ ಹಾಕಿ.

ಚಪಾತಿ: ಬಿಸಿ ನೀರಿನಲ್ಲಿ ಮೆತ್ತಗೆ ಕಲಸಿ 20 ನಿಮಿಷ ಬಿಡಿ, ಕಾದ ಹೆಂಚಿನ ಮೇಲೆ ಬೇಗ ಬೇಯಿಸಿ. ಸಣ್ಣ ಉರಿಯಲ್ಲಿ ಬಹಳ ಹೊತ್ತು ಇಟ್ಟರೆ ತೇವ ಆರಿ ಚರ್ಮವಾಗುತ್ತೆ. ಹತ್ತಿ ಬಟ್ಟೆಯಲ್ಲಿ ಸುತ್ತಿ.

ಪಲ್ಯ ನೀರು ಬಿಡದಿರಲು ಎರಡು ಚಮಚ ಹುರಿಗಡಲೆ ಪುಡಿ ಅಥವಾ ಕಡಲೆಕಾಯಿ ಬೀಜದ ಪುಡಿ ಉದುರಿಸಿ. ನೀರು ಹೀರುತ್ತೆ, ಪ್ರೋಟೀನೂ ಸೇರುತ್ತೆ. ಹಸಿ ತೆಂಗಿನಕಾಯಿ ಡಬ್ಬಿಗೆ ಬೇಡ, ಮೊದಲು ಕೆಡುವುದೇ ಅದು.

ಬಿಸಿ ಊಟಕ್ಕೆ ತಕ್ಷಣ ಮುಚ್ಚಳ ಹಾಕಿದರೆ ಆವಿ ನೀರಾಗಿ ಊಟದ ಮೇಲೆ ಬೀಳುತ್ತೆ. ಮಾಮೂಲು ಸ್ಟೀಲ್ ಡಬ್ಬಿಗೆ ಪೂರ್ತಿ ಆರಿಸಿ ಹಾಕಿ. ಬಿಸಿ ಹಿಡಿಯುವ ಡಬ್ಬಿಯಾದರೆ ಮೊದಲು ಕುದಿಯುವ ನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಹಬೆಯಾಡುವ ಊಟ ಕತ್ತಿನ ತನಕ ತುಂಬಿ. ಅರೆ ಬಿಸಿ ಊಟವನ್ನು ಅದರಲ್ಲಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಅನ್ನದಲ್ಲಿ ಬೆಳೆಯುವ ಸೂಕ್ಷ್ಮಾಣುಗಳಿಗೆ ಆ ಬೆಚ್ಚನೆಯೇ ಬೇಕು. ರಾತ್ರಿ ಹೊರಗೇ ಉಳಿದ ಅನ್ನದ ಚಿತ್ರಾನ್ನ ಡಬ್ಬಿಗೆ ಖಂಡಿತ ಬೇಡ, ಒಮ್ಮೆ ಹುಟ್ಟಿದ ವಿಷ ಒಗ್ಗರಣೆಯಲ್ಲಿ ಹೋಗುವುದಿಲ್ಲ.

ಬೇಯಿಸಿದ ಮೊಟ್ಟೆಯನ್ನು ಬೆಳಿಗ್ಗೆ ತಿಂಡಿಗೇ ಕೊಡಿ, ಡಬ್ಬಿಗೆ ಬೇಡ.

ಬಸಳೆ_ಚಪ್ಪರ

ರಾಗಿ ದೋಸೆ ಸೇರಿಸಿ ಅಕ್ಕಾ. ಎರಡು ಬಟ್ಟಲು ರಾಗಿ ಹಿಟ್ಟಿಗೆ ಅರ್ಧ ಬಟ್ಟಲು ಉದ್ದು, ಅರ್ಧ ಚಮಚ ಮೆಂತ್ಯ ನಾಲ್ಕು ಗಂಟೆ ನೆನೆಸಿ ರುಬ್ಬಿ ಬೆರೆಸಿ ರಾತ್ರಿ ಹುಳಿ ಬರಿಸಿ. ತೆಳು ಗರಿ ದೋಸೆ ಡಬ್ಬಿಯಲ್ಲಿ ತೊಗಲಾಗ್ತದೆ. ಅಂಗೈಯಗಲ, ದಪ್ಪ, ಮುಚ್ಚಿ ಬೇಯಿಸಿ. ಆರಿದ ಮೇಲೆ ಒಂದರ ಮೇಲೊಂದು ಇಡಿ. ಜೊತೆಗೆ ಸಾಸ್ ಬದಲು ಶೇಂಗಾ ಚಟ್ನಿ ಪುಡಿ, ಅರ್ಧ ಚಮಚ ತುಪ್ಪದಲ್ಲಿ ಕಲಸಿ.

ಏಳೂವರೆ_ಬಸ್

ಹೆಸರುಕಾಳು ದೋಸೆ ತಡೆಯುತ್ತಾ? ಹಣ್ಣು ಕಪ್ಪಾಗದಿರಲು ಏನು ಮಾಡ್ತೀರಿ?

ಆಹಾರತಜ್ಞೆ_ಮೈಸೂರು

ತಡೆಯುತ್ತೆ, ರುಬ್ಬಿದ ಬೆಳಿಗ್ಗೆಯೇ ಹುಯ್ಯಬೇಕು. ಹಸಿರು ಕಾಳು ಐದಾರು ಗಂಟೆ ನೆನೆಯಲಿ. ಹಣ್ಣಿನಲ್ಲಿ ಹೆಚ್ಚದೆ ಕೊಡುವಂಥದ್ದನ್ನು ಆರಿಸಿ: ಏಲಕ್ಕಿ ಬಾಳೆ, ಬಿಡಿಸಿದ ಕಿತ್ತಳೆ. ಸೀಬೆ ಹೆಚ್ಚಿದರೆ ನಿಂಬೆರಸ ಸವರಿ. ಐದು ವರ್ಷದೊಳಗಿನವರಿಗೆ ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ, ಇಡೀ ಕಡಲೆಕಾಯಿ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಸಣ್ಣ ಬಿಡುವು 10-15 ನಿಮಿಷದ್ದು, ಎರಡೇ ನಿಮಿಷದಲ್ಲಿ ತೆಗೆದು ತಿನ್ನುವಂತಿರಬೇಕು. ಮೊದಲ ತರಗತಿಯವರಿಗೆ ಡಬ್ಬಿಯ ಮುಚ್ಚಳ ತೆಗೆಯಲು ಬರುತ್ತಾ ಎಂದು ಮನೆಯಲ್ಲೇ ನೋಡಿ. ಊಟ ವಾಪಸ್ ಬರಲು ಎಷ್ಟೋ ಸಲ ಅದೇ ಕಾರಣ.

ಕಲ್ಪತರು_ಎಸ್‌ಡಿಎಂಸಿ

ನಮ್ಮ ಗೇಟಿನ ಪಕ್ಕ ಐದು ರೂಪಾಯಿ ಚಿಪ್ಸ್ ಅಂಗಡಿ ಇದೆ. ಮಕ್ಕಳು 11 ಗಂಟೆಗೆ ಅದನ್ನು ತಿಂದು ಊಟ ಬಿಡ್ತಾರೆ.

ಅಕ್ಷರ_ದಾಸೋಹಿ

ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಲ್ಲಿ ಶಾಲೆಯೊಳಗೆ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಮಕ್ಕಳಿಗೆ ಮಾರುವಂತಿಲ್ಲ. ಎಸ್‌ಡಿಎಂಸಿ ಸಭೆಯಲ್ಲಿ ನಿರ್ಣಯ ಬರೆದು ಗ್ರಾಮ ಪಂಚಾಯಿತಿಗೆ ಕೊಡಿ. ಅಂಗಡಿಯವರ ಜೊತೆ ಮೊದಲು ಮಾತಾಡಿ, ಕಡಲೆಮಿಠಾಯಿ, ಬಾಳೆಹಣ್ಣು ಇಟ್ಟರೆ ಅವರಿಗೂ ವ್ಯಾಪಾರ ಹೋಗುವುದಿಲ್ಲ.

ಕಲ್ಪತರು_ಎಸ್‌ಡಿಎಂಸಿ

ಕೊನೆಗೆ ಒಂದು. ಸಾಂಬಾರು ಗೀರಿನ ಅಳತೆಗೇ ಬಂದರೂ ಮೊದಲು ಬಡಿಸುವ 1ನೇ ತರಗತಿಗೆ ತೆಳು, ಕೊನೆಯ 7ನೇ ತರಗತಿಗೆ ಮುದ್ದೆಯಂತೆ ಗಟ್ಟಿ. ಇದಕ್ಕೇನು ಮಾಡೋದು?

ಒಲಿ_ಮುಂದ

ಬ್ಯಾಳಿ ತಳಕ್ಕ ಕೂತಿರತೈತ್ರಿ ಸರ. ದೊಡ್ಡ ಪಾತ್ರಿಂದ ನೇರ ಬಡಿಸಬ್ಯಾಡ್ರಿ. ಉದ್ದ ಹಿಡಿಕಿ ಸೌಟಿಲೆ ತಳದಿಂದ ಮ್ಯಾಲಕ ಹತ್ತು ಸಲ ತಿರುವಿ, ಕೂಡಲೇ ಬಕೀಟಿಗೆ ತಗೀರಿ. ಒಂದು ತರಗತಿಗೆ ಒಂದು ಬಕೀಟು. ಬಕೀಟಿನಾಗೂ ನಾಕ್ ಮಕ್ಕಳಿಗೆ ಒಮ್ಮೆ ತಿರುವಬೇಕು, ಸೌಟು ತಳಾ ಮುಟ್ಟಬೇಕು. ಇನ್ನೊಂದು, ಊಟ ಮುಗದ ಮ್ಯಾಲೆ ತಟ್ಟಿ ಚೆಲ್ಲೋ ಕಡೆ ಒಂದ್ ಖಾಲಿ ಬಕೀಟು ಇಡ್ರಿ, ವಾರಗಟ್ಟಲೆ ದಿನಾ ತೂಕಾ ಬರೀರಿ. ಯಾವ ದಿನದ ಅಡಿಗಿಗೆ ಹೆಚ್ಚು ಬೀಳತೈತಿ ಅನ್ನೋದು ಕಾಣತೈತಿ, ಆ ದಿನದ್ದ ಮದ್ಲ ಬದಲ ಮಾಡ್ರಿ. ತೂಕಾ ಇಲ್ಲೇ ಹಾಕ್ರಿ, ನೋಡಿ ಹೇಳ್ತೀವಿ.